ಬೆಳಗಿನ ಬೇರು

ಶ್ರಾವಣದಲ್ಲಿ ನಮ್ಮ ಮನೆಗೆ ಈರುಳ್ಳಿ ಬರುವುದಿಲ್ಲ. ಹಾಗಾಗಿ ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಕ್ಟಿಕಲ್‌ಗೆ ನನ್ನ ಈರುಳ್ಳಿ ಕಾಲೇಜಿನ ಕಿಟಕಿಯಲ್ಲೇ, ನೀರಿನ ಲೋಟದ ಮೇಲೆ ಕೂತು ಬೇರು ಬಿಟ್ಟಿತು. ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿ, ನೂರು ಕೋಶಗಳಲ್ಲಿ ಎಷ್ಟು ವಿಭಜನೆಯಾಗುತ್ತಿವೆ ಎಂದು ಎಣಿಸಬೇಕಿತ್ತು.

ನಾನು ನೋಟ್‌ಬುಕ್‌ನಲ್ಲಿ ದಿನಾಂಕ, ಗಂಟೆ ಹಾಕಿ ಗೆರೆ ಎಳೆದೆ. ಮೂರು ದಿನದ ಲೆಕ್ಕ: ಎರಡು, ಮೂರು, ಎರಡು. ಉಳಿದ ಕೋಶಗಳ ಕೇಂದ್ರಗಳೆಲ್ಲ ದುಂಡಗೆ ಸುಮ್ಮನಿದ್ದವು. ನಾಗಸಂದ್ರದಿಂದ ಎರಡು ಮೆಟ್ರೊ ಹಿಡಿದು ಬರುತ್ತಿದ್ದ ನನ್ನ ಪಕ್ಕದ ಗೆಳತಿಗೆ ಮಾತ್ರ ಹನ್ನೆರಡು, ಹದಿಮೂರು, ಹನ್ನೆರಡು. ಅವಳು ಬೇರನ್ನು ಮನೆಯಿಂದ ಪುಟ್ಟ ಬಾಟಲಿಯಲ್ಲಿ ತರುತ್ತಿದ್ದಳು. ಎಣಿಸಿದ ಕೂಡಲೇ ಸ್ಲೈಡ್ ತೊಳೆದುಬಿಡುತ್ತಿದ್ದಳು. ಅದನ್ನೂ ಬರೆದುಕೊಂಡೆ.

"ಪುಸ್ತಕದಲ್ಲಿರೋ ನಂಬರೇನೇ?" ಎಂದೆ.

"ಕಣ್ಣಿದ್ರೆ ಕಾಣ್ಸುತ್ತೆ ಕಣೇ," ಎಂದು ನಕ್ಕಳು.

ಆ ನಗು ನನಗೆ ಸರಿಬರಲಿಲ್ಲ. ಅವಳು ಸುಳ್ಳು ಲೆಕ್ಕ ಬರೀತಾಳೆ ಎಂದು ಲ್ಯಾಬಿನ ಮೇಡಂಗೆ ಹೇಳಿದೆ. ಮೇಡಂ ಮರುದಿನ ಮಧ್ಯಾಹ್ನ ಅವಳಿಗೆ ನನ್ನ ಕಿಟಕಿಯ ಈರುಳ್ಳಿಯನ್ನೇ ಕೊಟ್ಟು, ಎದುರಿಗೇ ಎಣಿಸಲು ಹೇಳಿದರು. ಸಿಕ್ಕಿದ್ದು ಮೂರು.

"ಇಷ್ಟು ದಿನ ಹನ್ನೆರಡು ಎಲ್ಲಿಂದ ಬಂತಮ್ಮ?" ಎಂದು ಕೇಳಿ, ಸಹಿ ಹಾಕದೆ ಅವಳ ರೆಕಾರ್ಡನ್ನು ಬೀರುವಿನಲ್ಲಿಟ್ಟರು. ಸಹಿಯಿಲ್ಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಅವಳು ಅಳಲಿಲ್ಲ. ಅದಕ್ಕೂ ನನಗೆ ಅನುಮಾನವೇ.

ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತು ಹೇಳಿದಳು: "ಅಪ್ಪನ್ ಫ್ಯಾಕ್ಟರಿ ಬಸ್ ಹೋದ್ಮೇಲೆ ಬೇರು ಕತ್ತರಿಸಿ ಬಾಟ್ಲಿಗೆ ಹಾಕ್ತಿದ್ದೆ. ದಿನಾ ಏಳು ಗಂಟೆಗೆ. ನಿಂಗೆ ಹೇಳಿ ಏನ್ ಪ್ರಯೋಜನ, ಬಿಡು."

ನನ್ನ ನೋಟ್‌ಬುಕ್ ತೆರೆದೆ. ಗಂಟೆಯ ಕಾಲಂನಲ್ಲಿ ಎಲ್ಲವೂ ಮಧ್ಯಾಹ್ನ ಎರಡರ ನಂತರ. ಅವಳ ಬಗ್ಗೆ ಇಷ್ಟೆಲ್ಲ ಬರೆದವಳು, ಅವಳು ಬೇರನ್ನು ಎಷ್ಟು ಗಂಟೆಗೆ ಕತ್ತರಿಸುತ್ತಾಳೆ ಎಂದು ಕೇಳಿರಲಿಲ್ಲ. ಆದರೂ ಅವಳ ಮಾತನ್ನು ಹಾಗೇ ನಂಬಲು ಮನಸ್ಸಾಗಲಿಲ್ಲ.

ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿಗೆ ಒಂದು ಈರುಳ್ಳಿ ತಂದೆ. ಹಾವೇರಿ ಕಡೆಯ ಅವ್ವ ಬಾಗಿಲಲ್ಲೇ ತಡೆದಳು: "ಶ್ರಾವಣದಾಗ ಉಳ್ಳಾಗಡ್ಡಿ ಒಳಗ ತರಬ್ಯಾಡವಾ. ಹೊರಗ ಇಡು, ಚಪ್ಪಲಿ ಹಂತ್ಯಾಕ."

ಬೇರು ಬಂದ ಮೇಲೆ ಮೂರು ದಿನ ಬೆಳಿಗ್ಗೆ ಏಳಕ್ಕೆ ಚಪ್ಪಲಿ ಗೂಡಿನ ಬಳಿ ಕುಕ್ಕರುಗಾಲಲ್ಲಿ ಕೂತು ತುದಿ ಕತ್ತರಿಸಿ, ಬಾಟಲಿಯ ದ್ರಾವಣಕ್ಕೆ ಹಾಕಿದೆ. ಕತ್ತರಿಸಿದ ಗಳಿಗೆಯಲ್ಲಿ ಕೋಶಗಳು ಹೇಗಿದ್ದವೋ ಹಾಗೇ ಅದರಲ್ಲಿ ನಿಂತುಬಿಡುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಒಂದು ಕೋಶದಲ್ಲಿ ವರ್ಣತಂತುಗಳು ನಡುವೆ ಸಾಲುಗಟ್ಟಿವೆ. ಇನ್ನೊಂದರಲ್ಲಿ ಎರಡು ಪಾಲಾಗಿ ಆಚೆಗೂ ಈಚೆಗೂ ಸರಿಯುತ್ತಿವೆ. ಮತ್ತೊಂದರಲ್ಲಿ ಎರಡು ಕೇಂದ್ರಗಳ ನಡುವೆ ಗೋಡೆ ಏಳುತ್ತಿದೆ. ಹನ್ನೊಂದು, ಹದಿಮೂರು, ಹನ್ನೆರಡು. ಬೆಳಗಿನ ಬೇರಿನಲ್ಲಿ ವಿಭಜನೆ ಹೆಚ್ಚು, ಮಧ್ಯಾಹ್ನಕ್ಕೆ ಇಳಿದುಬಿಡುತ್ತದೆ.

ಸ್ಲೈಡುಗಳನ್ನು ತೊಳೆಯದೆ ಮೇಡಂ ಬಳಿ ಒಯ್ದು, ಅವಳಂತೆಯೇ ಬೆಳಿಗ್ಗೆ ಏಳಕ್ಕೆ ಕತ್ತರಿಸಿದ್ದು ಎಂದೆ. ಅವರು ಒಂದೊಂದನ್ನೂ ನೋಡಿ, ತಲೆಯೆತ್ತಿ ಕೇಳಿದರು: "ಅವಳು ಸುಳ್ಳು ಬರೀತಾಳೆ ಅಂದೋಳು ನೀನೇ ಅಲ್ವಾ?"

"ಹೌದು ಮೇಡಂ."

ಅವರು ಬೀರು ತೆಗೆದು, ಗೆಳತಿಯನ್ನು ಕರೆಸಿ, ನನ್ನೆದುರೇ ಸಹಿ ಹಾಕಿದರು. ಅವಳು ರೆಕಾರ್ಡನ್ನು ಎದೆಗವಚಿಕೊಂಡು ಬಾಗಿಲ ತನಕ ಹೋಗಿ ತಿರುಗಿದಳು.

"ಸಹಿ ನಿಜಾನಾ ಅಂತ ನೋಡ್ಕೊಂಡ್ಯಾ? ಟೈಮ್ ಬರ್ಕೋ ಮತ್ತೆ."

ನಾನು ಪೆನ್ನು ತೆಗೆಯಲಿಲ್ಲ.