ಕರ್ಮಫಲಕ್ಕೊಂದು ಇಂಗ್ಲಿಷ್ ಪದ

ಪ್ಲೇಗಿನ ವರ್ಷ ನಗರ್ತಪೇಟೆಯ ಮನೆಗೆ ಬೀಗ ಹಾಕಿ, ಹೆಂಡತಿ ಅಂಬುಜಮ್ಮನೊಡನೆ ಚಾಮರಾಜಪೇಟೆಗೆ ಬಂದ ಬದರೀನಾರಾಯಣ ಮೇಷ್ಟ್ರು ಮತ್ತೆ ಹಿಂತಿರುಗಿ ಹೋಗಲಿಲ್ಲ. ಮಗಳು ಚೂಡಾಮಣಿ ಹುಟ್ಟಿದ್ದು ಇಲ್ಲಿಯೇ. ಹಗಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದು ಮೇಷ್ಟ್ರ ಉದ್ಯೋಗ. ಬೆಳಗ್ಗೆ ಸ್ನಾನ ಜಪ ಮುಗಿದ ಮೇಲೆ, ತಂದೆಯಿಂದ ಪಾಠವಾಗಿದ್ದ ವೇದಾಂತದ ಮಾತುಗಳಿಗೆ ಇಂಗ್ಲಿಷ್ ಪದ ಹುಡುಕುವುದು ಅವರ ಹುಚ್ಚು. ಬಿಳಿಯರು ಬರೆದ ಅನುವಾದಗಳನ್ನು ಓದಿದಾಗಲೆಲ್ಲ ಅವರಿಗೆ ಮೈ ಉರಿಯುತ್ತಿತ್ತು. ಎಲ್ಲರಿಗೂ ಅರ್ಥವಾಗುವಂಥ ಒಂದು ಪುಸ್ತಕವನ್ನು ತಾವೇ ಬರೆಯಬೇಕೆಂದು ಹಟ ಹಿಡಿದಿದ್ದರು.

ಚೂಡಾಮಣಿ ಕಾಫಿ ಲೋಟ ತಂದಿಟ್ಟು ಅಲ್ಲೇ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಆ ಮನೆಯಲ್ಲಿ ಅಪ್ಪನನ್ನು ಅಣ್ಣ ಎನ್ನುವ ರೂಢಿ.

"ಇವತ್ತು ಮಾಯೆಗೆ ಏನು ಸಿಕ್ತು ಅಣ್ಣಾ?"

"ಇಲ್ಯೂಷನ್ ಅಂತಾರೆ ಕಣೇ ಎಲ್ಲರೂ. ಅದು ಗಾರುಡಿಗನ ಕಣ್ಕಟ್ಟು. ನಮ್ಮ ಮಾಯೆ ಅಷ್ಟು ಸಲೀಸಲ್ಲ."

ಧರ್ಮಕ್ಕೆ ಹಾಕಿದ ಪದಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದರು. ಎಲ್ಲಕ್ಕಿಂತ ಕಾಡಿದ್ದು ಕರ್ಮಫಲ. ಫೇಟ್ ಎಂದರೆ ಬರಿಯ ಹಣೆಬರಹ, ಮನುಷ್ಯ ಮಾಡಿದ್ದಕ್ಕೆ ಅಲ್ಲಿ ಬೆಲೆಯೇ ಇಲ್ಲ. ಪನಿಷ್‌ಮೆಂಟ್ ಎಂದರೆ ಮೇಲೆ ಕುಳಿತು ಶಿಕ್ಷೆ ವಿಧಿಸುವವನೊಬ್ಬ ಬೇಕಾಗುತ್ತದೆ. ಒಂದು ದಿನ ತೊಡೆ ತಟ್ಟಿಕೊಂಡು ಎದ್ದರು. "ಸಿಕ್ತು! ವೇಜಸ್! ಕೂಲಿ! ಮಾಡಿದ್ದಕ್ಕೆ ತಕ್ಕಷ್ಟು, ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ!" ಅಪ್ಪ ಹಾಗೆ ಕುಣಿದದ್ದನ್ನು ಹಿಂದೆಂದೂ ಕಾಣದ ಚೂಡಾಮಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬಿಳಿಯರ ಸೈನ್ಯ ಬೀಡುಬಿಟ್ಟಿದ್ದ ದಂಡಿನಲ್ಲಿ ಮಿಸೆಸ್ ಲಾರಿಮರ್ ಎಂಬ ಮುದುಕಿ ಇದ್ದರು. ಸೈನ್ಯದ ಅಧಿಕಾರಿಯೊಬ್ಬರ ವಿಧವೆ. ಮೇಷ್ಟ್ರ ಹತ್ತಿರ ವೇದಾಂತ ಹೇಳಿಸಿಕೊಳ್ಳುತ್ತ, ಅವರ ಬರಹದ ವಾಕ್ಯಗಳನ್ನು ತಿದ್ದಿಕೊಡುತ್ತಿದ್ದರು. ಯುದ್ಧದಲ್ಲಿ ಅವರ ಒಬ್ಬನೇ ಮಗ ಹ್ಯಾರಿ ಮೆಸಪೊಟೇಮಿಯದಲ್ಲಿ ಗುಂಡು ತಗುಲಿ ಸತ್ತ. ಆಕೆ ತಿಂಗಳುಗಟ್ಟಲೆ ಯಾರನ್ನೂ ನೋಡಲಿಲ್ಲ. ಮತ್ತೆ ಮೇಷ್ಟ್ರನ್ನು ಕರೆಸಿಕೊಂಡಾಗ ಹೇಳಿದರು: "ನಿಮ್ಮ ಕರ್ಮಫಲದ ಅಧ್ಯಾಯ ನನ್ನನ್ನು ಬದುಕಿಸಿತು. ನನ್ನ ಮಗ ಮಾಡಿದ ಒಳ್ಳೆಯದು ಯಾವುದೂ ಮಣ್ಣುಪಾಲಾಗಲಿಲ್ಲ. ಅವನ ಕೂಲಿ ಅವನಿಗೆ ಸಿಕ್ಕೇ ಸಿಗುತ್ತದೆ." ಮದರಾಸಿನ ಪ್ರಕಾಶಕರೊಬ್ಬರಿಗೆ ಹಸ್ತಪ್ರತಿಯನ್ನು ಕಳಿಸಿದವರೂ ಅವರೇ. ಒಂದು ಜೀವಕ್ಕೆ ತಮ್ಮ ಮಾತು ಆಸರೆಯಾಯಿತೆಂದು ಮೇಷ್ಟ್ರು ಹಿಗ್ಗಿದರು.

ಹಸ್ತಪ್ರತಿ ಅಚ್ಚಿಗೆ ಹೋದ ವರ್ಷವೇ ಊರಿಗೆ ಇನ್‌ಫ್ಲುಯೆಂಜಾ ಬಂತು. ಮದುವೆಯಾಗಿ ಹೋಗಿದ್ದ ಚೂಡಾಮಣಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬೀದಿಯಲ್ಲಿ ಮನೆಮನೆಗೂ ಜ್ವರ. ಗಂಜಿ ಕಾಯಿಸಿ ಕೊಡುವವರಿಗೂ ಜ್ವರ. ಚೂಡಾಮಣಿಗೆ ಸಂಜೆ ನಡುಕ ಹತ್ತಿತು, ಆಮೇಲೆ ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ವಾರ ತುಂಬುವ ಮೊದಲೇ ಹೋಗಿಬಿಟ್ಟಳು. ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ. ತನ್ನ ಊರಲ್ಲಿ ಜ್ವರದಿಂದ ಮಲಗಿದ್ದ ಅಳಿಯನಿಗೆ ಬರಲಾಗಲಿಲ್ಲ. ರುದ್ರಭೂಮಿಯಲ್ಲಿ ಕಟ್ಟಿಗೆಗಾಗಿ ಹೆಣಗಳು ಕಾದಿದ್ದವು. ಮೇಷ್ಟ್ರೂ ಮಗಳ ಚಟ್ಟವನ್ನು ಇಳಿಸಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕಾದರು.

ಪಕ್ಕದ ಮನೆಯ ವಿಶಾಲಾಕ್ಷಮ್ಮ ಬಂದು ಅಂಬುಜಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡರು. "ನಿಮಗೂ ಅವಳಿಗೂ ಋಣ ಅಷ್ಟೇ ಇತ್ತು ಕಣಮ್ಮಾ. ಪಡ್ಕೊಂಡು ಬಂದಿದ್ದು ಅಷ್ಟೇ." ಅಂಬುಜಮ್ಮ ಹೂಂ ಎಂದು ಅತ್ತರು.

ಸುದ್ದಿ ತಿಳಿದ ಮಿಸೆಸ್ ಲಾರಿಮರ್ ಜಟಕಾ ಮಾಡಿಕೊಂಡು ಬಂದರು. ಜಗಲಿಯ ಮೇಲೆ ಕುರ್ಚಿ ಹಾಕಿದರು. ಆಕೆ ಕೂರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಂಬುಜಮ್ಮನನ್ನು ನೋಡುತ್ತ, ಕಣ್ಣು ತುಂಬಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮೇಷ್ಟ್ರು ತಲೆ ತಗ್ಗಿಸಿದರು.

"ಏನಂತಾರೆ ಅವರು?" ಅಂಬುಜಮ್ಮ ಕೇಳಿದರು.

ಮೇಷ್ಟ್ರು ಕುರ್ಚಿಯನ್ನು ಮುದುಕಿಯ ಹತ್ತಿರಕ್ಕೆ ಸರಿಸಿದರು.

"ಹೇಳಿ, ಏನಂತಾರೆ?"

ವಿಶಾಲಾಕ್ಷಮ್ಮನ ಮಾತನ್ನೇ ಮತ್ತೆ ಹೇಳಿಬಿಡಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಚೂಡಾಮಣಿಗೆ ಅವಳ ಕೂಲಿ ಸಿಕ್ಕಿದೆ ಅಂತ ನಂಬಬೇಕಂತೆ."

ಅಂಬುಜಮ್ಮ ಹೊಸ್ತಿಲು ದಾಟಿ ಬಂದರು. "ಕೂಲೀನಾ? ಬಸುರಿ ಹುಡುಗಿ, ಯಾರಿಗೆ ಏನು ಮಾಡಿದ್ಲು ಅಂತ ಈ ಕೂಲಿ?"

"ಅವರನ್ನ ಬೈಬೇಡ ಅಂಬುಜಾ. ಆ ಮಾತು ಅವರದ್ದಲ್ಲ, ನಂದು. ನಾನೇ ಬರೆದುಕೊಟ್ಟಿದ್ದು."

ಅಂಬುಜಮ್ಮ ಒಳಗೆ ಹೋದರು. ಮುದುಕಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ.

ಸೂತಕ ಕಳೆದ ಮೇಲೆ ಮೇಷ್ಟ್ರು ದಂಡಿಗೆ ಹೋದರು. ಆ ಪದ ತಪ್ಪಾಗಿದೆ, ಮುದ್ರಣ ನಿಲ್ಲಿಸುವಂತೆ ಮದರಾಸಿಗೆ ತಂತಿ ಕೊಡಿ ಎಂದು ಬೇಡಿಕೊಂಡರು. ಮಿಸೆಸ್ ಲಾರಿಮರ್ ಎದ್ದು ಗೋಡೆಯ ಕಡೆ ತಿರುಗಿದರು. ಅಲ್ಲಿನ ಪಟದಲ್ಲಿ ಸಮವಸ್ತ್ರ ತೊಟ್ಟ ಹ್ಯಾರಿ ನಗುತ್ತಿದ್ದ.

"ತಪ್ಪೆಂದರೆ ಎಷ್ಟು ತಪ್ಪು? ಹಾಗಾದರೆ ನನ್ನ ಮಗನಿಗೆ ಸಿಕ್ಕಿದ್ದೇನು? ಆ ಗುಂಡು ಮಾತ್ರವೇ?" ಆಕೆ ಪಟದ ಚೌಕಟ್ಟಿನ ಮೇಲೆ ಕೈಯಿಟ್ಟರು. "ನಿಜ ಹೇಳಿ. ನಾನು ಏನನ್ನು ಹಿಡಿದುಕೊಂಡು ಮಲಗಲಿ?"

ಮೇಷ್ಟ್ರು ಆ ಕೈಯನ್ನೇ ನೋಡಿದರು. "ಇಲ್ಲ ಅಮ್ಮಾ, ತಪ್ಪಲ್ಲ. ದುಃಖದಲ್ಲಿ ಏನೋ ಅಂದೆ," ಎಂದು ಎದ್ದು ಬಂದರು. ಆ ಪದವನ್ನು ಇನ್ನೂ ನೆಚ್ಚಿಕೊಂಡಿದ್ದವರು ಆಕೆಯೊಬ್ಬರೇ. ಅವರಿಂದ ಅದನ್ನು ಕಿತ್ತುಕೊಳ್ಳಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ.

ಪುಸ್ತಕ ಬಂತು. ಇಂಗ್ಲಿಷ್ ಪತ್ರಿಕೆಯೊಂದು ಹೊಗಳಿತು, ಅದರಲ್ಲೂ ಆ ಅಧ್ಯಾಯವನ್ನು. ಶಾಲೆಯಲ್ಲಿ ಸಹೋದ್ಯೋಗಿಗಳು ಹಾರ ಹಾಕಿದರು. ಅಂಬುಜಮ್ಮ ಅಡುಗೆ ಮಾಡಿ ಬಡಿಸುತ್ತಿದ್ದರು, ಅಕ್ಕಿ ಬೇಳೆಯ ಮಾತು ಆಡುತ್ತಿದ್ದರು. ಮಗಳ ವಿಷಯ ಮಾತ್ರ ಗಂಡನ ಮುಂದೆ ಎತ್ತಲಿಲ್ಲ. ಅವಳು ಹೋದ ತಿಥಿಯ ದಿನ ಕೂಡ ಗೋಡೆಗೆ ತಿರುಗಿ ಅತ್ತರು.

ಕೆಲವು ವರ್ಷಗಳ ಮೇಲೆ ಮಿಸೆಸ್ ಲಾರಿಮರ್ ತೀರಿಕೊಂಡರು. ಅದೇ ಸುಮಾರಿಗೆ ಪ್ರಕಾಶಕರು ಎರಡನೆಯ ಮುದ್ರಣಕ್ಕೆ ತಿದ್ದುಪಡಿ ಕೇಳಿದರು. ಈಗ ಯಾರಿಗೂ ನೋವಾಗುವಂತಿರಲಿಲ್ಲ. ಮೇಷ್ಟ್ರು ಪುಟಪುಟದಲ್ಲೂ ಆ ಪದವನ್ನು ಹೊಡೆದುಹಾಕಿದರು. ಬದಲಿಗೆ ಏನು ಬರೆಯುವುದು? ಬೇಸಗೆ ರಜೆ ಪೂರ್ತಿ ನಿಘಂಟು ತಿರುವಿದರು. ಬರೆದ ಪ್ರತಿಯೊಂದು ಪದವನ್ನೂ ಚೂಡಾಮಣಿಯ ಹೆಸರಿನ ಪಕ್ಕ ಇಟ್ಟು ನೋಡುವರು, ಅಳಿಸಿಬಿಡುವರು. ಬರಬರುತ್ತ ಕನ್ನಡದ ಮಾತೂ, ಕರ್ಮಫಲವೆಂಬ ಸಂಸ್ಕೃತದ ಮಾತೂ ಅವಳ ಹೆಸರಿನ ಪಕ್ಕ ನಿಲ್ಲದಾದವು.

ಒಂದು ಮಧ್ಯಾಹ್ನ ಅಂಬುಜಮ್ಮ ಬಾಗಿಲ ಹತ್ತಿರ ಬಂದು ನಿಂತರು.

"ಸಿಕ್ತಾ?"

"ಇಲ್ಲ."

"ಸಿಗಲ್ಲ. ಬಿಟ್ಬಿಡಿ."

ಖಾಲಿ ಬಿಟ್ಟ ಜಾಗಗಳೊಡನೆಯೇ ಪ್ರತಿಯನ್ನು ಮದರಾಸಿಗೆ ಕಳಿಸಿದರು. ಲೇಖಕರು ಮರೆತಿದ್ದಾರೆಂದುಕೊಂಡು ಅಚ್ಚಿನವರು ಹಳೆಯ ಪದವನ್ನೇ ಅಲ್ಲೆಲ್ಲ ಕೂರಿಸಿದರು. ಮೇಷ್ಟ್ರು ಆಕ್ಷೇಪಿಸಲಿಲ್ಲ. ಮುಂದೆ ಯಾರಾದರೂ ಪುಸ್ತಕ ಓದಿ ಮೆಚ್ಚಿ, ಸಂದೇಹ ಕೇಳಲು ಮನೆಗೆ ಬಂದರೆ, "ನಂಗೆ ಅದೊಂದೂ ಗೊತ್ತಿಲ್ಲಪ್ಪ, ಮಠಕ್ಕೆ ಹೋಗಿ ಕೇಳಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.