ಕ್ಯಾಸೆಟ್ಟಿನಲ್ಲಿಲ್ಲದ ಚರಣ

ಹಾಡು ಮುಗಿಯುವ ಮೊದಲೇ ನಾನು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ಅದೇ ಕ್ಷಣಕ್ಕೆ ಹಿಂದಿನ ಸಾಲಿನಿಂದಲೂ ಒಂದು ಚಪ್ಪಾಳೆ ಕೇಳಿಸಿತು. ಬೇರೆ ಯಾರೂ ತಟ್ಟಲಿಲ್ಲ.

ಶ್ರೀರಂಗಪಟ್ಟಣದ ಆ ಪುಟ್ಟ ಸಭಾಂಗಣದಲ್ಲಿ ನಲವತ್ತು ಜನ ಇದ್ದೆವೇನೋ. ನಮ್ಮ ಕಾಲೇಜು ದಿನಗಳ ರಾಕ್ ಗಾಯಕರೊಬ್ಬರು, ತಾವೊಬ್ಬರೇ ಹಾಡಿದ ಮೊದಲ ಆಲ್ಬಮ್ಮಿಗೆ ಇಪ್ಪತ್ತೈದು ವರ್ಷ ತುಂಬಿತೆಂದು, ಡ್ರಮ್ಮು ಗಿಮ್ಮು ಏನೂ ಇಲ್ಲದೆ ಬರೀ ಗಿಟಾರ್ ಹಿಡಿದು ಹಾಡುತ್ತಿದ್ದರು. ನಮ್ಮ ಚಪ್ಪಾಳೆಗೆ ಹಾಡು ನಿಲ್ಲಿಸಿ, “ಇನ್ನೂ ಒಂದು ಚರಣ ಇದೆ” ಎಂದು ನಕ್ಕರು.

ನಾಚಿಕೆಯಿಂದ ಹಿಂದೆ ತಿರುಗಿದೆ. ಚಪ್ಪಾಳೆ ತಟ್ಟಿದ್ದ ಅಪರಿಚಿತರು ಮುಂದೆ ಬಾಗಿ ಕೇಳಿದರು: “ಪಾಂಡವಪುರದ ಬಸ್‌ಸ್ಟ್ಯಾಂಡ್ ಅಂಗ್ಡೀಲಿ ರೆಕಾರ್ಡ್ ಮಾಡಿಸ್ಕಂಡಿದ್ರಾ ಮೇಡಂ? ನನ್ ಕ್ಯಾಸೆಟ್ಟೂ ಇಲ್ಲಿಗೇ ಮುಗ್ದೋಯ್ತಿತ್ತು!”

ಹೌದು, ಖಾಲಿ ಕ್ಯಾಸೆಟ್ ಕೊಟ್ಟರೆ ಹಾಡು ತುಂಬಿಸಿಕೊಡುತ್ತಿದ್ದ ಅಂಗಡಿ ಅದು. ಕೊನೆಯ ಹಾಡಿನ ಎರಡನೇ ಚರಣಕ್ಕೇ ಟೇಪು ಮುಗಿದು, ಟೇಪ್‌ರೆಕಾರ್ಡರಿನ ಗುಂಡಿ ಟಕ್ಕೆಂದು ಮೇಲೇಳುತ್ತಿತ್ತು. ತಕ್ಷಣ ನನ್ನಕ್ಕ ಎದ್ದು ಕ್ಯಾಸೆಟ್ ತಿರುವಿ ಹಾಕುತ್ತಿದ್ದಳು. ಹಾಡು ಅಷ್ಟೇ ಎಂದು ಅವಳು ಸಾಯುವವರೆಗೂ ನಂಬಿದ್ದಳು. ನಾನು ಆ ಸಂಜೆಯವರೆಗೆ.

ಉಳಿದ ಚರಣವನ್ನು ಗಾಯಕರು ನಮ್ಮಿಬ್ಬರ ಕಡೆ ನೋಡುತ್ತಲೇ ಹಾಡಿದರು. ಚೆನ್ನಾಗಿತ್ತು, ಬರೆದುಕೊಂಡೂ ಬಂದೆ. ಆದರೆ ಮಾರನೆಯ ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಅದನ್ನೇ ಗುನುಗುತ್ತಿದ್ದವಳು ಎರಡನೇ ಚರಣಕ್ಕೇ ನಿಂತುಬಿಟ್ಟೆ. ಕ್ಯಾಸೆಟ್ ತಿರುವಲು ಅಕ್ಕ ಎದ್ದು ಬರಲಿ ಎಂದು ಒಂದು ಗಳಿಗೆ ಕಾದೆ.