ಹುಳಕ್ಕೆ ಅತ್ತವಳು

ಹುಳ ಸತ್ತವೆಂದು ಕೂತು ಅಳುವ ಹೆಣ್ಣುಮಗಳನ್ನು ನನ್ನ ಜನ್ಮದಲ್ಲಿ ಒಬ್ಬಳನ್ನೇ ನೋಡಿದ್ದೇನೆ. ಗಿರಿಜಾ. ಹೆಬ್ಬಳ್ಳಿಯ ರೈತರ ಮಗಳು. ಕೈಯಲ್ಲಿ ಹಿಡಿಯುವ ಫೋನು ಊರಿಗೆ ಆಗಷ್ಟೇ ಬಂದಿದ್ದ ಕಾಲ. ಧಾರವಾಡದಲ್ಲಿ ಡಾಕ್ಟರೇಟ್ ಓದುತ್ತ ನಮ್ಮ ಹಿತ್ತಲ ಖೋಲಿಯಲ್ಲಿ ಬಾಡಿಗೆಗಿದ್ದಳು.

ನಮ್ಮದು ಲಿಂಗ ಕಟ್ಟಿದ ಮನೆ, ಇಲ್ಲಿ ಯಾವ ಜೀವವನ್ನೂ ಕೊಲ್ಲುವಂತಿಲ್ಲ ಎಂದು ಮೊದಲೇ ಹೇಳಿದ್ದೆ. "ಇಲ್ಲಿ ಬರೇ ಸಾಕೂದ್ರಿ ಅವ್ವಾರ. ಸಾಯೂದೆಲ್ಲಾ ಲ್ಯಾಬಿನ್ಯಾಗ" ಎಂದಳು. ಖೋಲಿ ಕೊಟ್ಟೆ.

ಕಡಲೆಗೆ ಬೀಳುವ ಕಾಯಿಕೊರಕ ಹುಳ ಸಾಕುತ್ತಿದ್ದಳು. ಡಬ್ಬಿಗೆ ಒಂದೇ, ಎರಡಿಟ್ಟರೆ ಒಂದನ್ನೊಂದು ತಿನ್ನುತ್ತವಂತೆ. ನನ್ನ ಸೊಸೆಯಂದಿರನ್ನೂ ಹಾಗೇ ಇಡಬೇಕಿತ್ತು ಎಂದೆ. ತಾನು ಚಹಾ ಕುಡಿಯುವ ಮೊದಲು ಅವಕ್ಕೆ ಸೊಪ್ಪು ಹಾಕುತ್ತಿದ್ದಳು. ಆಮೇಲೆ ಡಬ್ಬಿಗಳನ್ನು ಚೀಲದಲ್ಲಿಟ್ಟು, ತುಂಬಿದ ಕೊಡ ಹೊತ್ತವಳ ಹಾಗೆ ಅಲುಗಾಡದೆ ಲ್ಯಾಬಿಗೆ ನಡೆದು ಹೋಗುತ್ತಿದ್ದಳು.

ಅವಳ ಓದು ಹುಳದ್ದಲ್ಲ, ಹುಳ ಕೊಲ್ಲುವ ಬೂಷ್ಟಿನದು. ಏನೆಂದು ಕೇಳಿದೆ.

"ಬೂಷ್ಟಿನ ಬೀಜ ಹುಳದ ಮೈಮ್ಯಾಲೆ ಬಿದ್ದು ಮೊಳಕಿ ಒಡೀತದ್ರಿ. ತುದಿಗೆ ಒಂದು ಗಂಟ ಕಟ್ಟತದ. ಆ ಗಂಟ ಅಂಟಕೊಂಡು, ಒತ್ತಿ, ತೊಗಲಿಗೆ ತೂತ ಹಾಕತದ. ಗಂಟ ಕಟ್ಟು ಅಂತ ಹೇಳೂ ಜೀನು ಯಾವುದು, ಅದನ್ನ ಹುಡುಕೇನ್ರಿ."

ಜೀನು ಎಂದರೆ ನನಗೆ ಗೊತ್ತಿದ್ದದ್ದು ಕುದುರೆ ಮೇಲೆ ಹಾಕುವುದು. ಅವಳೇ ಬಿಡಿಸಿ ಹೇಳಿದಳು. ಆ ಜೀನು ತೆಗೆದ ಬೂಷ್ಟು ಗಂಟು ಕಟ್ಟಬಾರದು, ಹುಳ ಸಾಯಬಾರದು. ಆಗಲೇ ಅವಳು ಹುಡುಕಿದ್ದು ಖರೆ ಎಂದಾಗುವುದು. ಹುಳ ಸತ್ತರೆ ಮೂರು ವರ್ಷದ ಕೆಲಸ ನೀರಿಗೆ ಹೋದಂತೆ.

ಸತ್ತವು. ಜೀನು ತೆಗೆಯದ ಸಾದಾ ಬೂಷ್ಟು ಹೇಗೋ ಬೆರೆತಿತ್ತಂತೆ. ಇನ್ನೊಂದು ಸಲ ನೋಡು, ಆಗದಿದ್ದರೆ ವಿಷಯ ಬದಲಿಸು ಎಂದರಂತೆ ಅವಳ ಗೈಡ್ ಸರ್. ಬಂದು ಕಟ್ಟೆಯ ಮೇಲೆ ಕೂತು ಅತ್ತಳು. ಪಕ್ಕದ ಮನೆಯ ಪಾರವ್ವ ಗೋಡೆಯ ಮೇಲಿಂದ ಏನಾತೆಂದು ಕೇಳಿದಳು.

"ಎಲ್ಲಾ ಹೋದುವ್ರಿ. ಒಂದೂ ಉಳೀಲಿಲ್ಲ."

ಪಾರವ್ವ ಮತ್ತೇನೂ ಕೇಳಲಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಬುತ್ತಿ ಒಯ್ಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದಳು. ಗಿರಿಜಾಗೆ ಹಸಿವಾಗಿತ್ತು, ತಿಂದಳು. ಪಾರವ್ವ ಅವಳ ಬೆನ್ನು ಸವರುತ್ತ ಕೇಳಿದಳು: "ಎಷ್ಟ ದೊಡ್ಡವಿದ್ದುವವ್ವಾ?"

ಗಿರಿಜಾ ಅರ್ಧ ಬೆರಳು ತೋರಿಸಿದಳು.

ಪಾರವ್ವ ನನ್ನ ಮುಖ ನೋಡಿದಳು. ಹುಳ ಎಂದೆ. ಬಿಚ್ಚಿದ ಬುತ್ತಿ ವಾಪಸು ಒಯ್ಯಲಿಕ್ಕೆ ಬರುವುದಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು.

ಗಿರಿಜಾ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಒಂದು ಮಳೆಗಾಲ ಹಾಗೇ ಹೋಯಿತು. ಪಾರವ್ವ ದಿನಾ ಗೋಡೆಯ ಮೇಲಿಂದ "ಎಲ್ಲಾರೂ ಆರಾಮ?" ಎಂದು ಕೇಳುತ್ತಿದ್ದಳು. ಒಂದು ಸಂಜೆ ಗಿರಿಜಾ ಚಪ್ಪಲಿ ಬಿಡದೆ ಅಡುಗೆಮನೆಗೇ ಬಂದಳು.

"ಬದುಕ್ಯಾವ್ರಿ ಅವ್ವಾರ. ಮೈತುಂಬ ಬೂಷ್ಟ ಅದ, ಗಂಟ ಕಟ್ಟಿಲ್ಲ. ಸೊಪ್ಪು ತಿನ್ನಾಕತ್ತಾವ."

ಚಪ್ಪಲಿ ಬಿಡಿಸಿದೆ. ಇನ್ನು ಅವನ್ನು ಏನು ಮಾಡುತ್ತೀ ಎಂದು ಕೇಳಿದೆ.

"ಕುದಿಸಿ ಹಾಕಬೇಕ್ರಿ. ಲ್ಯಾಬಿನ್ಯಾಗಿಂದ ಏನೂ ಹೊರಗ ಬರಬಾರದು. ನೇಮ."

ಪಾರವ್ವನಿಗೆ ಹೇಳಬೇಡ ಎಂದೆ.

ಡಾಕ್ಟರೇಟ್ ಮುಗಿಸಿ ದೂರದ ಊರಿನ ನೌಕರಿಗೆ ಹೋದಳು. ಹೊರಡುವ ದಿನ ಪಾರವ್ವ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು. ಅಲ್ಲಿ ಏನು ಕೆಲಸ ಎಂದದ್ದಕ್ಕೆ, ಬೂಷ್ಟು ಇನ್ನೂ ಲಗೂ ಕೊಲ್ಲುವಂತೆ ಮಾಡುವುದು ಎಂದಳು. ಹಾಗಾದರೆ ನಿನಗೆ ಮತ್ತೆ ಖೋಲಿ ಇಲ್ಲ ಎಂದೆ. ನಗುತ್ತ ಆಟೋ ಹತ್ತಿದಳು. ಆಮೇಲೆ ಈ ಕಡೆ ಬಂದಿಲ್ಲ.

ಈಗ ಆ ಖೋಲಿಯಲ್ಲಿ ಒಬ್ಬ ಬ್ಯಾಂಕಿನವನಿದ್ದಾನೆ. ಕೊಲ್ಲುವಂತಿಲ್ಲ ಎಂದು ಅವನಿಗೂ ಹೇಳಿದ್ದೆ. ರವಿವಾರ ಜಿರಳೆಗೆ ಔಷಧ ಹೊಡೆದು ಕಸಬರಿಗೆಯಿಂದ ಗುಡಿಸಿ ಹಾಕುತ್ತಾನೆ. ಕೇಳಿದರೆ, "ಬರೇ ಜೊಂಡಿಗ್ಯಾರಿ, ಅಜ್ಜಿ" ಎನ್ನುತ್ತಾನೆ.